ಕಾಂಕ್ರೀಟ್ ಹಾಕುವ ಮುಂಚೆಯೇ ಕೇಳಬೇಕು

ಓದುಗರ ಪತ್ರ: ನಾನು ಕಟ್ಟಡ ನಿರ್ಮಾಣ ಕಂಪನಿಯೊಂದರ ಸುಸ್ಥಿರತೆ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ವಾರ್ಷಿಕ ವರದಿಗೆಂದು ಸ್ಟೇಕ್‌ಹೋಲ್ಡರ್‌ಗಳಿಗೆ, ಅಂದರೆ ನಮ್ಮ ಕೆಲಸಕ್ಕೆ ಸಂಬಂಧಪಟ್ಟವರಿಗೆ, 42 ಪ್ರಶ್ನೆಗಳ ನಮೂನೆ ಕಳಿಸಿದೆವು. 200 ಮಂದಿಯಲ್ಲಿ ಉತ್ತರಿಸಿದವರು 11. ಅಷ್ಟರಲ್ಲೇ ವರದಿ ಮುಗಿಸಿದೆವು. ಆದರೆ ಸೈಟಿನ ಅಕ್ಕಪಕ್ಕದವರ ದೂರು ನಿಂತಿಲ್ಲ. ಕಡಿಮೆ ಇಂಗಾಲದ ಕಾಂಕ್ರೀಟ್ ಬಳಸುವ ನಿರ್ಧಾರವೂ ಮೂರನೇ ಅಂತಸ್ತಿಗೆ ಬಿದ್ದುಹೋಯಿತು. ಎಲ್ಲಿ ಎಡವಿದೆವು?

ಸಂಪಾದಕರ ಉತ್ತರ:

ನಿಮ್ಮ ನಮೂನೆ ತಡವಾಗಿ ಹೋಯಿತು. ಅದು ಜನರ ಕೈ ಸೇರುವ ಹೊತ್ತಿಗೆ ವಿನ್ಯಾಸ ಮುಗಿದಿತ್ತು, ಟೆಂಡರ್ ಆಗಿತ್ತು, ಯಂತ್ರಗಳು ಸೈಟಿಗೆ ಬಂದಿದ್ದವು. ಯಾರು ಏನೇ ಹೇಳಿದರೂ ಬದಲಾಯಿಸಲು ಹೆಚ್ಚೇನೂ ಉಳಿದಿರಲಿಲ್ಲ. ಇದು ಗೊತ್ತಿದ್ದವರು ಕೂತು 42 ಪ್ರಶ್ನೆಗಳಿಗೆ ಉತ್ತರ ಬರೆಯುವುದಿಲ್ಲ.

ಕಾಂಕ್ರೀಟಿನಿಂದಲೇ ಶುರು ಮಾಡೋಣ. ಸಿಮೆಂಟ್ ತಯಾರಿಕೆಯಲ್ಲಿ ಹೊರಬೀಳುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು 60% ಸುಣ್ಣದ ಕಲ್ಲು ಕಾದು ಒಡೆಯುವಾಗಲೇ ಬರುವಂಥದ್ದು. ಗೂಡಿಗೆ ಯಾವ ಇಂಧನ ಹಾಕಿದರೂ ಅದು ತಪ್ಪದು. ಹಾಗಾಗಿ ಸುಣ್ಣದ ಕಲ್ಲನ್ನು ಸುಟ್ಟು ಮಾಡುವ, ಸಿಮೆಂಟಿನ ಮುಖ್ಯ ಪದಾರ್ಥವಾದ ಕ್ಲಿಂಕರ್ ಇಳಿಸಿ, ಆ ಜಾಗಕ್ಕೆ ಉಕ್ಕಿನ ಕಾರ್ಖಾನೆಯ ಕಿಟ್ಟದ ಪುಡಿ, ಅಂದರೆ ಜಿಜಿಬಿಎಸ್ ಹಾಕುತ್ತಾರೆ. ಸಿಮೆಂಟಿನ ಅರ್ಧ ಪಾಲು ಇದೇ ಆದರೆ ಕಾಂಕ್ರೀಟ್ ಮೊದಲ ವಾರ ನಿಧಾನವಾಗಿ ಬಲ ಪಡೆಯುತ್ತದೆ. ಚಳಿಯಲ್ಲಂತೂ ಇನ್ನೂ ನಿಧಾನ. ಮಿಶ್ರಣ ಸರಿಯಿದ್ದು ಕ್ಯೂರಿಂಗ್ ಚೆನ್ನಾಗಿ ಆದರೆ ಕೊನೆಗೆ ಸಿಗುವ ಬಲದಲ್ಲಿ ಕೊರತೆಯಿಲ್ಲ. ಆದರೆ ಕಾಂಕ್ರೀಟಿಗೆ ಅಚ್ಚಿನ ಹಲಗೆ ಕಟ್ಟುವ ಸೆಂಟ್ರಿಂಗ್ ಗುತ್ತಿಗೆದಾರರು ದರ ಹೇಳಿರುವುದು ಇಂತಿಷ್ಟು ದಿನಕ್ಕೆ ಹಲಗೆ ಬಿಚ್ಚಿ ಮೇಲಿನ ಅಂತಸ್ತಿಗೆ ಒಯ್ಯುವ ಲೆಕ್ಕದಲ್ಲಿ. ಒಂದೊಂದು ಸ್ಲ್ಯಾಬಿಗೆ ಎರಡೆರಡು ದಿನ ತಡವಾದರೆ ಹತ್ತು ಅಂತಸ್ತಿಗೆ 20 ದಿನ. ಆ ನಷ್ಟ ಯಾರ ತಲೆಗೆ ಎಂಬುದನ್ನು ಯಾರೂ ಮಾತಾಡಿರುವುದಿಲ್ಲ. ನಿಮ್ಮಲ್ಲೂ ಹೀಗೇ ಆಗಿರಬೇಕು: ಮೂರನೇ ಅಂತಸ್ತಿಗೆ ಬರುವಷ್ಟರಲ್ಲಿ ಒತ್ತಡ ತಾಳಲಾರದೆ ಸೈಟ್ ಎಂಜಿನಿಯರ್ ಹಳೇ ಮಿಶ್ರಣಕ್ಕೇ ಮರಳಿರುತ್ತಾರೆ.

ಇದಕ್ಕೆ ಬೇಕಿದ್ದದ್ದು ಟೆಂಡರ್ ಕಾಗದ ಸಿದ್ಧವಾಗುವ ಮುಂಚೆ ಅರ್ಧ ದಿನದ ಒಂದು ಬೈಠಕ್. ಸ್ಟ್ರಕ್ಚರಲ್ ಎಂಜಿನಿಯರ್, ರೆಡಿಮಿಕ್ಸ್ ಘಟಕದ ಲ್ಯಾಬ್ ನೋಡಿಕೊಳ್ಳುವವರು, ಸೆಂಟ್ರಿಂಗ್ ಕೆಲಸ ಬಲ್ಲ ಗುತ್ತಿಗೆದಾರರು, ವೇಳಾಪಟ್ಟಿ ಹಾಕುವವರು, ಕಟ್ಟಡದ ಮಾಲೀಕರ ಕಡೆಯವರು, ಇವರಿಷ್ಟೇ ಸಾಕು. ಕೇಳಬೇಕಾದ ಪ್ರಶ್ನೆಗಳೂ ಕೆಲವೇ. ಯಾವ ಭಾಗಕ್ಕೆ 28 ದಿನದಲ್ಲೇ ಪೂರ್ತಿ ಬಲ ಬೇಕು, ಯಾವುದಕ್ಕೆ 56 ದಿನ ಕಾಯಬಹುದು? ಪೂರ್ತಿ ಭಾರ ಬೀಳಲು ತಿಂಗಳುಗಳೇ ಹಿಡಿಯುವ ಪಾಯ ಮತ್ತು ನೆಲಮಾಳಿಗೆಯ ಗೋಡೆಗಳು ಸಾಮಾನ್ಯವಾಗಿ ಕಾಯಬಲ್ಲವು. ಕಿಟ್ಟದ ಪುಡಿಯ ಹೆಚ್ಚಿನ ಪಾಲು ಅಲ್ಲಿಗೆ ಹೋಗಲಿ. ಸ್ಲ್ಯಾಬುಗಳಿಗೆ ಪ್ರಮಾಣ ಕಡಿಮೆ ಮಾಡಬೇಕೆ, ಅಥವಾ ಹಲಗೆಯ ಇನ್ನೊಂದು ಸೆಟ್ ತರಿಸಬೇಕೆ? ತರಿಸಿದರೆ ಬಾಡಿಗೆ ಯಾರದು? ಪರೀಕ್ಷಾ ಮಿಶ್ರಣದ ಕ್ಯೂಬ್‌ಗಳನ್ನು 3, 7, 28, 56ನೇ ದಿನ ಒಡೆಸಿ ನೋಡಿದ ಅಂಕಿ ಮೇಜಿನ ಮೇಲಿದ್ದರೆ ವಾದ ಬೇಗ ಮುಗಿಯುತ್ತದೆ.

ಟೆಂಡರಿನಲ್ಲಿ ಪುಡಿಯ ಶೇಕಡಾವಾರು ಬರೆಯುವ ಬದಲು, ಒಂದು ಘನ ಮೀಟರ್ ಕಾಂಕ್ರೀಟಿಗೆ ಇಷ್ಟು ಕಿಲೋ ಇಂಗಾಲದ ಡೈಆಕ್ಸೈಡ್ ಮೀರಬಾರದು ಎಂದು ಬರೆಯುವುದು ಮೇಲು. ದಾರಿ ಹುಡುಕುವುದು ಸರಬರಾಜುದಾರರ ಜಾಣ್ಮೆಗೆ ಬಿಟ್ಟದ್ದು. ಪುರಾವೆಗೆ ಇಪಿಡಿ, ಅಂದರೆ ಉತ್ಪನ್ನದ ಪರಿಸರ ಪರಿಣಾಮದ ಲೆಕ್ಕ ಕೊಡುವ ಘೋಷಣಾ ಪತ್ರ ಕೇಳಿ. ಅದು ನಿಮಗೆ ಬರುವ ಘಟಕದ, ನಿಮ್ಮದೇ ಮಿಶ್ರಣದ್ದೋ ಅಥವಾ ಇಡೀ ಉದ್ಯಮದ ಸರಾಸರಿಯೋ, ಅವಧಿ ಮುಗಿದಿದೆಯೋ ನೋಡಿ; ಸಾಮಾನ್ಯವಾಗಿ ಅವಧಿ 5 ವರ್ಷ. ಎಷ್ಟೋ ಸಣ್ಣ ಸರಬರಾಜುದಾರರ ಬಳಿ ಇಪಿಡಿ ಇರುವುದಿಲ್ಲ. ಅದನ್ನು ಮಾಡಿಸಲು ಹಣವೂ ಸಮಯವೂ ಬೇಕು. ಅವರ ಬಿಲ್ಲನ್ನು ತಿಂಗಳುಗಟ್ಟಲೆ ಬಾಕಿ ಇಟ್ಟು ಇಂಗಾಲದ ಲೆಕ್ಕ ಕೇಳುವುದು ನ್ಯಾಯವಲ್ಲ, ಕೇಳಿದರೂ ಸರಿಯಾದ ಅಂಕಿ ಬರುವುದಿಲ್ಲ. ಸದ್ಯಕ್ಕೆ ತೂಕ, ದೂರ, ಲಾರಿಯ ಬಗೆ ಇಷ್ಟನ್ನು ಡೆಲಿವರಿ ಚಲನ್‌ನಿಂದ ನೀವೇ ತೆಗೆದುಕೊಂಡು ಲೆಕ್ಕ ಹಾಕಿ.

ಇನ್ನು ಅಕ್ಕಪಕ್ಕದವರು. 'ನಮ್ಮ ಸುಸ್ಥಿರತೆಯ ಬಗ್ಗೆ ನಿಮ್ಮ ಅಭಿಪ್ರಾಯವೇನು' ಎಂದರೆ ಅವರೇನು ಹೇಳಿಯಾರು? ಬೆಳಿಗ್ಗೆ ಎಷ್ಟು ಹೊತ್ತಿಗೆ ಎಚ್ಚರವಾಗುತ್ತದೆ, ಯಾವ ಕಿಟಕಿ ಮುಚ್ಚಿಯೇ ಇಡಬೇಕಾಗಿದೆ, ಮನೆಯಲ್ಲಿ ಕಾಯಿಲೆಯವರು, ರಾತ್ರಿ ಪಾಳಿಯವರು ಇದ್ದಾರೆಯೇ ಎಂದು ಮನೆಬಾಗಿಲಿಗೆ ಹೋಗಿ ಕೇಳಿ. ಆಗ ನೀವು ಊಹಿಸದ ಸಂಗತಿ ಹೊರಬರುತ್ತದೆ. ಎಷ್ಟೋ ಕಡೆ ಜನರನ್ನು ಹೆಚ್ಚು ಕಾಡುವುದು ಲಾರಿ ಹಿಂದಕ್ಕೆ ಬರುವಾಗಿನ 'ಬೀಪ್ ಬೀಪ್'. ಆ ಒಂದೇ ಸ್ವರ ದೂರದವರೆಗೂ ಬಿಡಿಯಾಗಿ ಕೇಳುತ್ತದೆ. 'ಶ್‌ಶ್' ಎಂದು ಹರಡಿದ ಸದ್ದು ಮಾಡುವ ಅಲಾರಂ ಹಾಕಿದರೆ ಹಿಂದೆ ನಿಂತವರಿಗೆ ಎಚ್ಚರಿಕೆ ಸಿಗುತ್ತದೆ, ದೂರದ ಮನೆಗೆ ಅಷ್ಟು ಚುಚ್ಚುವುದಿಲ್ಲ. ಲಾರಿ ಒಂದು ಗೇಟಿನಿಂದ ಬಂದು ಇನ್ನೊಂದರಿಂದ ಹೋಗುವಂತೆ ದಾರಿ ಮಾಡಿದರೆ ಹಿಂದಕ್ಕೆ ಬರುವ ಪ್ರಸಂಗವೇ ಕಡಿಮೆ. ಆದರೆ ಗೇಟಿನ ಜಾಗ ನಿಗದಿಯಾಗುವುದು ಸೈಟ್ ಬೇಲಿ ಹಾಕುವ ಮೊದಲು; ಕೇಳಬೇಕಾದದ್ದೂ ಆಗಲೇ.

ದೂರಿನ ಪುಸ್ತಕದಲ್ಲಿ ತಾರೀಕು ಮತ್ತು ಹೆಸರು ಬರೆದರೆ ಸಾಲದು. ಗಂಟೆ, ಗಾಳಿಯ ದಿಕ್ಕು, ಆಗ ನಡೆಯುತ್ತಿದ್ದ ಕೆಲಸ, ಮಾಡಿದ ಬದಲಾವಣೆ, ದೂರು ಕೊಟ್ಟವರಿಗೆ ತಿಳಿಸಿದ ದಿನ, ಇವಿಷ್ಟೂ ಇರಲಿ. ಮೂರು ವಾರದ ಧೂಳಿನ ದೂರುಗಳನ್ನು ಹೀಗೆ ಒಟ್ಟಿಗಿಟ್ಟು ನೋಡಿದರೆ ಕಾರಣ ತಾನೇ ಕಾಣುತ್ತದೆ: ನೀರಿಲ್ಲದೆ ಕಲ್ಲು ಕತ್ತರಿಸಿದ್ದು, ಮಣ್ಣನ್ನು ಎತ್ತರದಿಂದ ಸುರಿದದ್ದು, ಟೈರ್ ತೊಳೆಯದೆ ಟಿಪ್ಪರ್ ಬಿಟ್ಟದ್ದು. ವಿಶ್ವಸಂಸ್ಥೆ 2011ರಲ್ಲಿ ಅನುಮೋದಿಸಿದ ವ್ಯಾಪಾರ ಮತ್ತು ಮಾನವ ಹಕ್ಕುಗಳ ಮಾರ್ಗಸೂತ್ರಗಳ 31ನೇ ಸೂತ್ರ ದೂರು ವ್ಯವಸ್ಥೆಗೆ ಎಂಟು ಲಕ್ಷಣ ಹೇಳುತ್ತದೆ. ಅದರಲ್ಲೊಂದು, ಯಾವ ಹಂತಕ್ಕೆ ಎಷ್ಟು ಸಮಯ ಹಿಡಿಯುತ್ತದೆಂದು ದೂರು ಕೊಟ್ಟವರಿಗೆ ಮೊದಲೇ ಗೊತ್ತಿರಬೇಕು ಎಂಬುದು. ಹೆಚ್ಚಿನ ಸೈಟುಗಳು ಸೋಲುವುದು ಇಲ್ಲೇ.

ನಿಮ್ಮ 200 ಮಂದಿಯಲ್ಲಿ ಉಪಗುತ್ತಿಗೆದಾರರ ಕೆಲಸಗಾರರು ಎಷ್ಟು ಜನ? ಪತ್ರದಲ್ಲಿ ಅವರ ಮಾತೇ ಇಲ್ಲ. ಕಸ ಬೇರ್ಪಡಿಸುವ ಡಬ್ಬಗಳನ್ನು ಗೇಟಿನ ಬಳಿ ಸಾಲಾಗಿ ಇಟ್ಟರೆ ಫೋಟೋ ಚೆನ್ನಾಗಿ ಬರುತ್ತದೆ. ಆರನೇ ಅಂತಸ್ತಿನಲ್ಲಿ ಜಿಪ್ಸಂ ಬೋರ್ಡ್ ಕತ್ತರಿಸುವವರು ತುಂಡುಗಳನ್ನು ಹತ್ತಿರದ ಕಸದ ರಾಶಿಗೇ ಹಾಕುತ್ತಾರೆ. ಆ ಜಿಪ್ಸಂ ಹಸಿ ಕಸದ ಜೊತೆ ಹೂತುಹೋದರೆ ಗಾಳಿಯಿಲ್ಲದ ಕಡೆ ವಿಷಕಾರಿ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಡಬ್ಬ ಎಲ್ಲಿರಬೇಕು, ಕೆಳಗೆ ಇಳಿಸಲು ಹಾಯ್ಸ್ಟ್ ಯಾವ ಹೊತ್ತಿಗೆ ಸಿಗಬೇಕು ಎಂಬುದನ್ನು ಅವರಷ್ಟು ನಿಖರವಾಗಿ ಬೇರಾರೂ ಹೇಳಲಾರರು. ಕೆಲಸ ಶುರುವಾಗುವ ಮುಂಚೆ ಸುರಕ್ಷತೆಯ ಬಗ್ಗೆ ನಡೆಯುವ ಬೆಳಗಿನ ಟೂಲ್‌ಬಾಕ್ಸ್ ಮಾತುಕತೆಯಲ್ಲಿ ಐದು ನಿಮಿಷ ಅವರ ಭಾಷೆಯಲ್ಲಿ ಕೇಳಿ. ಹೇಳಿದವರ ಹೆಸರು ಮೇಸ್ತ್ರಿಯ ಕಿವಿಗೆ ಬೀಳದಂತೆ ಹೇಳುವ ದಾರಿಯೂ ಒಂದಿರಲಿ.

ವರದಿಯ ಬಗ್ಗೆ ಒಂದೇ ಮಾತು. ಸುಸ್ಥಿರತೆ ವರದಿಗೆ ಹಲವು ಕಂಪನಿಗಳು ಬಳಸುವ ಜಿಆರ್‌ಐ ಮಾನದಂಡಗಳಲ್ಲಿ ಒಂದಾದ ಜಿಆರ್‌ಐ 3ರ 2021ರ ಆವೃತ್ತಿ ವಿಷಯಗಳನ್ನು ಆರಿಸಲು ಹೇಳುವುದು ಪರಿಣಾಮದ ತೀವ್ರತೆ ಮತ್ತು ಸಂಭವನೀಯತೆ ನೋಡಿ, ಎಷ್ಟು ಮಂದಿ ಗುರುತು ಹಾಕಿದರು ಎಂದು ಎಣಿಸಿ ಅಲ್ಲ. ಧೂಳಿನಿಂದ ಉಬ್ಬಸ ಬರುವ ಒಂದೇ ಮನೆಯಿದ್ದರೂ ಅದು ಪಟ್ಟಿಯಲ್ಲಿ ಮೇಲೆ ಬರಬಹುದು.

ಮುಂದಿನ ಯೋಜನೆಯ ಬೈಠಕ್ಕಿಗೆ ದಿನ ಗೊತ್ತು ಮಾಡುವ ಮೊದಲು ಆ 11 ಮಂದಿಗೆ ಉತ್ತರ ಬರೆಯಿರಿ. ಅವರವರು ಹೇಳಿದ್ದರಲ್ಲಿ ಯಾವುದನ್ನು ಒಪ್ಪಿದಿರಿ, ಯಾವುದನ್ನು ಬಿಟ್ಟಿರಿ, ಬಿಟ್ಟದ್ದೇಕೆ ಎಂದು ಒಂದೊಂದು ಪುಟ ಸಾಕು.