ಔಷಧದಂಗಡಿಯ ಕೌಂಟರಿನಲ್ಲಿ ಮೊಬೈಲ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಡಿ.ಫಾರ್ಮ ಮುಗಿಸಿ, ನೋಂದಣಿ ಮಾಡಿಸಿಕೊಂಡು, ಸಕಲೇಶಪುರದ ಮೆಡಿಕಲ್ ಶಾಪ್ ಒಂದರಲ್ಲಿ ಕೆಲಸಕ್ಕೆ ಸೇರಿದ್ದೇನೆ. ಡೋಸ್ ಬಗ್ಗೆಯಾಗಲಿ, ಎರಡು ಮಾತ್ರೆಗಳು ಒಟ್ಟಿಗೆ ಆಗುತ್ತವೆಯೇ ಎಂಬ ಬಗ್ಗೆಯಾಗಲಿ ಸಂದೇಹ ಬಂದರೆ ಮೊಬೈಲ್‌ನಲ್ಲಿ ನೋಡುತ್ತೇನೆ. ಗಿರಾಕಿಗಳ ಮುಂದೆ ಮೊಬೈಲ್ ಹಿಡಿದರೆ ಇವನಿಗೇನೂ ಗೊತ್ತಿಲ್ಲ ಎಂದುಕೊಳ್ಳುತ್ತಾರೆ ಎಂದು ಮಾಲೀಕರು ಬೇಡವೆನ್ನುತ್ತಾರೆ. ನಾನು ಮಾಡುತ್ತಿರುವುದು ತಪ್ಪೇ ಸರ್? ಯಾವ ಆಪ್ ನಂಬಬಹುದು?
— ಓದುಗರೊಬ್ಬರು, ಸಕಲೇಶಪುರ

ಉತ್ತರ: ತಪ್ಪಲ್ಲ. ಸಂದೇಹವಿದ್ದೂ ನೋಡದೆ ಕೊಡುವುದು ತಪ್ಪು. ಆದರೆ ನಿಮ್ಮ ಮಾಲೀಕರ ಆತಂಕಕ್ಕೂ ಕಾರಣವಿದೆ. ನೀವು ಡೋಸ್ ನೋಡುತ್ತಿದ್ದೀರೋ, ಬಂದ ಮೆಸೇಜ್ ಓದುತ್ತಿದ್ದೀರೋ ಎಂಬುದು ಎದುರಿಗೆ ನಿಂತವರಿಗೆ ತಿಳಿಯುವುದಿಲ್ಲ. ಆದ್ದರಿಂದ ಮೊಬೈಲ್ ಕೈಗೆತ್ತಿಕೊಳ್ಳುವ ಮೊದಲು, "ಅಮ್ಮಾ, ನೀವು ದಿನಾ ತಗೊಳ್ಳೋ ಮಾತ್ರೆ ಜೊತೆ ಇದು ಆಗುತ್ತೋ ಇಲ್ಲವೋ ನೋಡಿ ಹೇಳ್ತೀನಿ" ಎಂದು ಒಂದು ಮಾತು ಹೇಳಿ. ಸಾಧ್ಯವಾದರೆ ಅಂಗಡಿಗೆಂದೇ ಬೇರೆ ಟ್ಯಾಬ್ ಇಟ್ಟುಕೊಳ್ಳುವುದು ಇನ್ನೂ ಒಳ್ಳೆಯದು.

ಅಂಗೈಯಗಲದ ಯಂತ್ರದಲ್ಲಿ ಔಷಧದ ವಿವರ ನೋಡುವುದು ಹೊಸ ರೂಢಿಯೇನಲ್ಲ. ಸ್ಮಾರ್ಟ್‌ಫೋನ್ ಬರುವ ಮೊದಲೇ, 1990ರ ದಶಕದ ಕೊನೆಗೆ, ಅಮೆರಿಕದಲ್ಲಿ ಪಾಮ್ ಎಂಬ ಕೈಯಂತ್ರಕ್ಕಾಗಿ ಎಪೊಕ್ರೆಟಿಸ್ ಎಂಬ ಔಷಧ ಮಾಹಿತಿಯ ತಂತ್ರಾಂಶ ಬಂದಿತ್ತು. ನಮ್ಮವರು ಬಳಸುವ ಎಷ್ಟೋ ಆಪ್‌ಗಳು ಇಂದಿಗೂ ಆ ದೇಶದವೇ ಆಗಿರುವುದರಿಂದ ಹೆಸರುಗಳ ತೊಡಕು ಬರುತ್ತದೆ. ನಮ್ಮ ಪ್ಯಾರಾಸಿಟಮಾಲ್ ಅಲ್ಲಿ ಅಸಿಟಮಿನೊಫೆನ್, ಸಾಲ್ಬುಟಮಾಲ್ ಅಲ್ಲಿ ಆಲ್ಬುಟೆರಾಲ್, ಗ್ಲಿಬೆನ್‌ಕ್ಲಮೈಡ್ ಅಲ್ಲಿ ಗ್ಲೈಬುರೈಡ್. ಬ್ರ್ಯಾಂಡ್ ಹೆಸರಿನ ಪಾಡು ಇನ್ನೂ ಕಷ್ಟ. ಹೆಸರಿನ ಕೊನೆಗೆ ಒಂದೆರಡು ಅಕ್ಷರ ಸೇರಿದರೆ ನಮ್ಮಲ್ಲಿ ಒಳಗಿನ ಔಷಧವೇ ಬೇರೆಯಾಗಿರುತ್ತದೆ. ಹೀಗಾಗಿ ಬ್ರ್ಯಾಂಡ್ ಹೆಸರನ್ನು ಬಿಟ್ಟು, ಸ್ಟ್ರಿಪ್ಪಿನ ಮೇಲೆ ಮುದ್ರಿಸಿರುವ ಮೂಲ ಔಷಧದ ಹೆಸರಿನಿಂದಲೇ ಹುಡುಕಿ. ಅಮ್ಲೊಡಿಪಿನ್ ಮತ್ತು ಅಮಿಲೊರೈಡ್, ಹೈಡ್ರಲಜೈನ್ ಮತ್ತು ಹೈಡ್ರಾಕ್ಸಿಜೈನ್, ಹೀಗೆ ಕಿವಿಗೂ ಕಣ್ಣಿಗೂ ಒಂದೇ ಎನಿಸುವ ಜೋಡಿಗಳಲ್ಲಿ ಮೊದಲ ಒಂದೆರಡು ಅಕ್ಷರ ಒತ್ತಿದೊಡನೆ ಬರುವ ಪಟ್ಟಿಯಿಂದ ಅವಸರದಲ್ಲಿ ಆರಿಸಬೇಡಿ. ಪೂರ್ತಿ ಹೆಸರನ್ನು ಚೀಟಿಯೊಂದಿಗೆ ಹೋಲಿಸಿ ನೋಡಿ.

ಮಕ್ಕಳ ಡೋಸಿನ ವಿಷಯದಲ್ಲಂತೂ ನಾನು ಹೆಚ್ಚು ಎಚ್ಚರ ಕೇಳುತ್ತೇನೆ. ಆಪ್ ಕೇಳುವುದು ಮಗುವಿನ ತೂಕ, ತಾಯಿ ಹೇಳುವುದು ವಯಸ್ಸು. ಅಂಗಡಿಯ ಬಾಗಿಲಲ್ಲಿ ತೂಕದ ಯಂತ್ರವಿದ್ದರೆ ಮಗುವನ್ನು ಅದರ ಮೇಲೆ ನಿಲ್ಲಿಸಿ. ಪ್ಯಾರಾಸಿಟಮಾಲ್ ಒಂದು ಬಾರಿಗೆ ಕಿಲೋ ತೂಕಕ್ಕೆ 10ರಿಂದ 15 ಮಿ.ಗ್ರಾಂ. ಎಂಬ ಲೆಕ್ಕದಲ್ಲಿ, 12 ಕಿಲೋ ತೂಗುವ ಮಗುವಿಗೆ 120ರಿಂದ 180 ಮಿ.ಗ್ರಾಂ. ಆಗುತ್ತದೆ. ಇಷ್ಟನ್ನು ಆಪ್ ಸರಿಯಾಗಿಯೇ ಹೇಳುತ್ತದೆ. ಆದರೆ ನಿಮ್ಮ ಕೈಯಲ್ಲಿರುವ ಬಾಟಲಿ ಯಾವುದೆಂದು ಅದಕ್ಕೆ ಗೊತ್ತಿಲ್ಲ. 5 ಮಿ.ಲೀ.ಗೆ 120 ಮಿ.ಗ್ರಾಂ. ಇರುವ ಸಿರಪ್ಪಾದರೆ 5 ಮಿ.ಲೀ. ಸರಿ, 5 ಮಿ.ಲೀ.ಗೆ 250 ಇರುವುದಾದರೆ ಅದರ ಅರ್ಧ ಸಾಕು, 1 ಮಿ.ಲೀ.ಗೆ 100 ಇರುವ ಡ್ರಾಪ್ಸ್ ಆದರೆ 1.2 ಮಿ.ಲೀ. ಮಾತ್ರ. ಆ ಡ್ರಾಪ್ಸನ್ನೇ 5 ಮಿ.ಲೀ. ಕುಡಿಸಿದರೆ 500 ಮಿ.ಗ್ರಾಂ. ಆ ಎಳೆಯ ಹೊಟ್ಟೆಗೆ ಹೋಗುತ್ತದೆ. ಬಾಟಲಿಯ ಲೇಬಲ್ ಓದಿ, ಅಳತೆಯ ಮುಚ್ಚಳದ ಮೇಲೆ ಗೆರೆ ತೋರಿಸಿ ಕೊಡುವ ಕೆಲಸ ನಿಮ್ಮದೇ.

ಎರಡು ಔಷಧಗಳ ಹೊಂದಾಣಿಕೆ ನೋಡುವಾಗ ಆಪ್ ಸಣ್ಣಪುಟ್ಟದಕ್ಕೂ ಎಚ್ಚರಿಕೆ ಕೊಡುತ್ತದೆ, ಹತ್ತು ಬಾರಿ ಸುಮ್ಮನೆ ದಾಟಿಸಿದ ಕೈ ಹನ್ನೊಂದನೆಯದನ್ನೂ ದಾಟಿಸಿಬಿಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರಿಗೆ ಸೋಂಕಿಗೆಂದು ಮೆಟ್ರೊನಿಡಜೋಲ್ ಬರೆದಿದ್ದರೆ ರಕ್ತಸ್ರಾವದ ಅಪಾಯ ಏರುತ್ತದೆ. ಇಂಥದ್ದು ಕಂಡಾಗ ಔಷಧ ಕೊಡುವ ಮೊದಲು ವೈದ್ಯರಿಗೆ ಫೋನ್ ಮಾಡಿ. ಇನ್ನೊಂದು ಮಾತು: ಹಲವು ಆಪ್‌ಗಳು ಬದಲಿ ಬ್ರ್ಯಾಂಡ್‌ಗಳ ಪಟ್ಟಿಯನ್ನೂ ತೋರಿಸುತ್ತವೆ. ವೈದ್ಯರ ಚೀಟಿಯಿಲ್ಲದೆ ಮಾರಬಾರದ ಶೆಡ್ಯೂಲ್ ಎಚ್, ಎಚ್1 ಮತ್ತು ಎಕ್ಸ್ ಪಟ್ಟಿಗಳ ಔಷಧಗಳಲ್ಲಿ ಬರೆದದ್ದರ ಬದಲಿಗೆ ಬೇರೊಂದನ್ನು, ಅದರಲ್ಲಿ ಅದೇ ಔಷಧ ಇದ್ದರೂ, ಅಂಗಡಿಯವರು ತಾವಾಗಿಯೇ ಕೊಡುವಂತಿಲ್ಲ ಎಂದು 1945ರ ಔಷಧ ನಿಯಮಗಳ 65ನೆಯ ನಿಯಮ ಹೇಳುತ್ತದೆ.

ಆಪ್ ಹೆಸರು ಹೇಳುವುದಕ್ಕಿಂತ ಆರಿಸುವ ಬಗೆ ಹೇಳುವೆ. ಮಾಹಿತಿ ಯಾರದು, ಕೊನೆಯದಾಗಿ ಯಾವಾಗ ತಿದ್ದಿದ್ದು ಎಂಬುದು ಅದರಲ್ಲಿ ಕಾಣಬೇಕು. ಔಷಧ ಮಾರುವುದೇ ಅದರ ಮುಖ್ಯ ಕಸುಬಾಗಿರಬಾರದು. ಮಳೆಗಾಲದಲ್ಲಿ ಕರೆಂಟೂ ಟವರೂ ಒಟ್ಟಿಗೆ ಕೈಕೊಡುವ ನಿಮ್ಮ ಕಡೆಗೆ ನೆಟ್‌ವರ್ಕ್ ಇಲ್ಲದೆಯೂ ತೆರೆಯುವಂತಿರಬೇಕು. ಭಾರತೀಯ ಔಷಧ ಸಂಹಿತೆ ಆಯೋಗ ಪ್ರಕಟಿಸುವ ನ್ಯಾಷನಲ್ ಫಾರ್ಮುಲರಿ ಆಫ್ ಇಂಡಿಯಾ ಪುಸ್ತಕ ಪಕ್ಕದಲ್ಲಿರಲಿ. ಪ್ರಶ್ನೆ ಕೇಳಿದೊಡನೆ ನಿರರ್ಗಳವಾಗಿ ಉತ್ತರಿಸುವ ಎಐ ಚಾಟ್‌ಗಳನ್ನು ನಂಬಿ ಡೋಸ್ ನಿರ್ಧರಿಸಲೇಬೇಡಿ.

ಪ್ರಶ್ನೆ: ಕಾಫಿ ತೋಟದ ಕಡೆಯವರು ಚೀಟಿಯ ಫೋಟೊವನ್ನು ವಾಟ್ಸ್ಆ್ಯಪ್‌ಗೆ ಹಾಕಿ, ಔಷಧವನ್ನು ಬಸ್ಸಿನಲ್ಲಿ ಬರುವವರ ಕೈಗೆ ಕೊಟ್ಟುಬಿಡಿ ಎನ್ನುತ್ತಾರೆ. ಕೊಡಬಹುದೇ?
— ಔಷಧ ವ್ಯಾಪಾರಿ, ಮೂಡಿಗೆರೆ

ಉತ್ತರ: ಮಳೆಯಲ್ಲಿ ಹತ್ತಾರು ಮೈಲಿ ದೂರದ ಎಸ್ಟೇಟಿನಿಂದ ಬರಲಾಗದವರ ಕಷ್ಟ ನಿಜವಾದದ್ದು. 2020ರ ಮಾರ್ಚ್ 25ರಂದು ಹೊರಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯು, ವೈದ್ಯರು ದೂರದಿಂದ ನೋಡಿ, ಸಹಿ ಮಾಡಿದ ಚೀಟಿಯ ಫೋಟೊವನ್ನು ರೋಗಿಗೆ ಕಳಿಸುವುದನ್ನೂ, ರೋಗಿಯ ಸ್ಪಷ್ಟ ಒಪ್ಪಿಗೆ ಪಡೆದು ನೇರವಾಗಿ ಅಂಗಡಿಗೆ ಕಳಿಸುವುದನ್ನೂ ಒಪ್ಪಿದೆ. ಶೆಡ್ಯೂಲ್ ಎಕ್ಸ್ ಔಷಧಗಳಿಗೆ ಮತ್ತು ಮಾದಕ ಹಾಗೂ ಮನೋಪರಿಣಾಮಿ ಔಷಧಗಳಿಗೆ ಆ ದಾರಿಯಿಲ್ಲ. ನಿಮಗೆ ಬರುತ್ತಿರುವುದು ಬಹುಶಃ ಇಂಥ ಫೋಟೊ ಅಲ್ಲ, ಎಂದೋ ಆಸ್ಪತ್ರೆಯಲ್ಲಿ ಬರೆಸಿಕೊಂಡ ಕಾಗದದ ಫೋಟೊ. ಇದೇ ಚೀಟಿಗೆ ಮತ್ತೆ ಔಷಧ ಕೊಡಿ ಎಂದು ವೈದ್ಯರು ಬರೆದಿರದಿದ್ದರೆ ಒಂದು ಚೀಟಿಗೆ ಒಂದೇ ಸಲ ಔಷಧ, ಕೊಟ್ಟ ಮೇಲೆ ಅಂಗಡಿಯ ಹೆಸರು, ವಿಳಾಸ, ದಿನಾಂಕವನ್ನು ಚೀಟಿಯ ಮೇಲೆ ನಮೂದಿಸಬೇಕು ಎಂಬುದು ನಿಯಮ. ಫೋಟೊದ ಮೇಲೆ ನೀವು ಹಾಕಿದ ಮೊಹರು ಮೂಲ ಕಾಗದಕ್ಕೆ ಬೀಳುವುದಿಲ್ಲ, ಅದೇ ಫೋಟೊ ಅಂದೇ ಬೇರೆ ಅಂಗಡಿಗಳಿಗೂ ಹೋಗಬಹುದು. ಆದ್ದರಿಂದ ಫೋಟೊ ನೋಡಿ ಔಷಧ ತೆಗೆದಿಡಿ, ಮೂಲ ಚೀಟಿ ತಂದವರ ಕೈಗೇ ಕೊಡಿ. ಬಸ್ಸಿನಲ್ಲಿ ಬರುವವರೇ ಆ ಚೀಟಿಯನ್ನೂ ತರಲಿ. ಎಚ್1 ಔಷಧವಾದರೆ ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಔಷಧ, ಪ್ರಮಾಣ ಇಷ್ಟನ್ನೂ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಆ ಫೋಟೊಗಳು ನಿಮ್ಮ ಸ್ವಂತ ಫೋನಿನ ಗ್ಯಾಲರಿಯಲ್ಲಿ ಮನೆಯ ಚಿತ್ರಗಳ ನಡುವೆ ಉಳಿಯಬಾರದು. ಯಾರಿಗೆ ಯಾವ ಕಾಯಿಲೆ ಎಂಬುದು ಆ ಊರಿನಲ್ಲಿ ಇನ್ನೊಬ್ಬರಿಗೆ ತಿಳಿಯುವುದು ರೋಗಿಗೆ ಮಾಡುವ ದೊಡ್ಡ ಅನ್ಯಾಯ.

ಪ್ರಶ್ನೆ: ಮಾತ್ರೆಯ ಪೊಟ್ಟಣದ ಮೇಲಿನ ಕ್ಯೂಆರ್ ಕೋಡನ್ನು ನಮ್ಮಂಥವರೂ ನೋಡಬಹುದೇ? ಹೊಸ ಮಾತ್ರೆ ನುಂಗಿದ ಮೇಲೆ ನನಗೆ ಮೈಯೆಲ್ಲ ದದ್ದು ಎದ್ದಿತ್ತು, ಅದನ್ನು ಯಾರಿಗೆ ತಿಳಿಸಬೇಕು?
— ನಿವೃತ್ತ ಶಿಕ್ಷಕಿ, ಹಾಸನ

ಉತ್ತರ: ನೋಡಬಹುದು. 2023ರ ಆಗಸ್ಟ್ 1ರಿಂದೀಚೆಗೆ ತಯಾರಾದ, ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡ್‌ಗಳ ಮೇಲೆ ಇದು ಕಡ್ಡಾಯ. ಮೊಬೈಲ್ ಹಿಡಿದರೆ ಔಷಧದ ಹೆಸರು, ತಯಾರಕರು, ಬ್ಯಾಚ್ ಸಂಖ್ಯೆ, ತಯಾರಿಕೆಯ ಮತ್ತು ಅವಧಿ ಮುಗಿಯುವ ದಿನಾಂಕ, ಲೈಸೆನ್ಸ್ ಸಂಖ್ಯೆ ಕಾಣಬೇಕು. ಪೊಟ್ಟಣದ ಮೇಲಿನ ಬ್ಯಾಚ್ ಸಂಖ್ಯೆಗೂ ಅದಕ್ಕೂ ತಾಳೆಯಾಗದಿದ್ದರೆ ಅಂಗಡಿಯವರನ್ನು ಕೇಳಿ. ದದ್ದಿನ ವಿಷಯವನ್ನು ಮೊದಲು ಔಷಧ ಬರೆದ ವೈದ್ಯರಿಗೆ ಹೇಳಿ, ಅವರನ್ನು ಕೇಳದೆ ಆ ಮಾತ್ರೆಯನ್ನು ಮತ್ತೆ ನುಂಗಬೇಡಿ ಮೇಡಂ. ಬಳಿಕ, ಔಷಧಗಳ ಅಡ್ಡಪರಿಣಾಮಗಳ ಮೇಲೆ ಕಣ್ಣಿಡಲು 2010ರಿಂದ ನಡೆಯುತ್ತಿರುವ ಭಾರತೀಯ ಔಷಧ ಜಾಗ್ರತಾ ಕಾರ್ಯಕ್ರಮದ ಉಚಿತ ದೂರವಾಣಿ 1800-180-3024ಕ್ಕೆ ಕರೆ ಮಾಡಿ ತಿಳಿಸಬಹುದು, ಅವರ ಮೊಬೈಲ್ ಆಪ್ ಕೂಡ ಇದೆ. ಬ್ಯಾಚ್ ಸಂಖ್ಯೆ ಕೇಳುತ್ತಾರೆ, ಉಳಿದ ಸ್ಟ್ರಿಪ್ಪನ್ನು ಎಸೆಯದೆ ಇಟ್ಟುಕೊಂಡಿರಿ.