ಭೂತಾನದ ಗಡಿಯಲ್ಲಿ ಆಧಾರ್ ಕಾರ್ಡ್ ನಡೆಯುವುದೇ?

ಪ್ರಶ್ನೆ: ದಸರಾ ರಜೆಯಲ್ಲಿ ನಾನು, ನನ್ನ ಪತ್ನಿ, ಮಗ, ಸೊಸೆ ಹಾಗೂ ಎಂಟು ವರ್ಷದ ಮೊಮ್ಮಗ ಬಾಗ್ಡೋಗ್ರಾವರೆಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಜೈಗಾಂವ್ ಮಾರ್ಗವಾಗಿ ಭೂತಾನ ಪ್ರವೇಶಿಸಿ, ಥಿಂಪು ಮತ್ತು ಪಾರೋದಲ್ಲಿ ನಾಲ್ಕು ರಾತ್ರಿ ಉಳಿಯಬೇಕೆಂದಿದ್ದೇವೆ. ನಮ್ಮಲ್ಲಿ ಯಾರಿಗೂ ಪಾಸ್‌ಪೋರ್ಟ್ ಇಲ್ಲ. ನೇಪಾಳಕ್ಕೆ ಹೋಗಿಬಂದ ನೆರೆಯವರು ಆಧಾರ್ ಸಾಕು ಎನ್ನುತ್ತಾರೆ. ಪತ್ನಿಯ ಮತದಾರರ ಗುರುತಿನ ಚೀಟಿಯಲ್ಲಿ ಇನ್ನೂ ತವರುಮನೆಯ ಅಡ್ಡಹೆಸರೇ ಇದೆ. ಏನು ಮಾಡಬೇಕು?
— ಓದುಗರೊಬ್ಬರು, ಸಪ್ತಾಪುರ, ಧಾರವಾಡ

ಉತ್ತರ: ನಿಮ್ಮ ನೆರೆಯವರ ಮಾತು ಪೂರ್ತಿ ಸುಳ್ಳಲ್ಲ. ಹದಿನೈದು ವರ್ಷದೊಳಗಿನವರು ಮತ್ತು ಅರವತ್ತೈದು ದಾಟಿದವರು ನೇಪಾಳಕ್ಕೆ ಹೋಗುವಾಗ ಆಧಾರ್ ತೋರಿಸಬಹುದೆಂದು ನಮ್ಮ ಸರಕಾರವೇ ಹೇಳಿದೆ. ಆದರೆ ಭೂತಾನಕ್ಕೆ ಬೇಕಾದದ್ದು ಆ ದೇಶ ಕೊಡುವ ಪ್ರವೇಶ ಪರವಾನಗಿ. ಅದಕ್ಕೆ ಅಲ್ಲಿಯ ವಲಸೆ ಇಲಾಖೆ ವಯಸ್ಕ ಭಾರತೀಯರಿಂದ ಕೇಳುವುದು ಕನಿಷ್ಠ ಆರು ತಿಂಗಳ ಅವಧಿ ಉಳಿದಿರುವ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿಯನ್ನು ಮಾತ್ರ. ಬಾಗಿಲು ಅವರದಾದ್ದರಿಂದ ಅವರ ಮಾತೇ ನಡೆಯುತ್ತದೆ. ವೀಸಾ ಬೇಡ ಎಂಬುದನ್ನು ಕಾಗದಪತ್ರವೇ ಬೇಡ ಎಂದು ತಿಳಿದು ಹೊರಡುವವರೇ ಹೆಚ್ಚಾಗಿ ಗಡಿಯಲ್ಲಿ ಪೇಚಿಗೆ ಸಿಲುಕುತ್ತಾರೆ. ಮೊಮ್ಮಗನಿಗೆ ಪಾಸ್‌ಪೋರ್ಟ್ ಇಲ್ಲದಿರುವುದರಿಂದ ಇಂಗ್ಲಿಷಿನಲ್ಲಿರುವ ಜನನ ಪ್ರಮಾಣಪತ್ರ ಬೇಕು. ಶಾಲೆಯ ಗುರುತಿನ ಚೀಟಿಯನ್ನು ನೆಚ್ಚಿಕೊಳ್ಳಬೇಡಿ.

ಪತ್ನಿಯವರ ಚೀಟಿಯಲ್ಲಿ ತವರಿನ ಅಡ್ಡಹೆಸರಿದೆ ಎಂದಮಾತ್ರಕ್ಕೆ ಅದು ಅಸಿಂಧುವಾಗುವುದಿಲ್ಲ. ತೊಡಕು ಬರುವುದು ಚೀಟಿಯಲ್ಲಿ ಒಂದು ಹೆಸರು, ಆಧಾರ್ ನೋಡಿ ಕಾಯ್ದಿರಿಸಿದ ವಿಮಾನದ ಟಿಕೆಟಿನಲ್ಲಿ ಮತ್ತು ಹೋಟೆಲಿನಲ್ಲಿ ಇನ್ನೊಂದು ಹೆಸರು ಇದ್ದಾಗ. ಸಮಯವಿದ್ದರೆ ಚುನಾವಣಾ ಆಯೋಗದ ನಮೂನೆ 8ರಲ್ಲಿ ಅರ್ಜಿ ಸಲ್ಲಿಸಿ ಹೆಸರು ತಿದ್ದಿಸಿ. ಇಲ್ಲದಿದ್ದರೆ ಎಲ್ಲ ಕಡೆಯೂ ಚೀಟಿಯಲ್ಲಿರುವ ಹೆಸರನ್ನೇ ಬರೆಯಿಸಿ. ಅದಕ್ಕಿಂತ ಮುಖ್ಯವಾಗಿ ಭಾವಚಿತ್ರವನ್ನು ನೋಡಿಕೊಳ್ಳಿ: ಇಪ್ಪತ್ತು ವರ್ಷದ ಹಿಂದಿನ ಮಸುಕು ಚಿತ್ರದಲ್ಲಿ ಮನೆಯವರೇ ಗುರುತು ಹಿಡಿಯಲಾರದ ಮುಖವಿದ್ದರೆ, ಹುಬ್ಬಳ್ಳಿಯಲ್ಲಿಯೇ ಪಾಸ್‌ಪೋರ್ಟ್ ಸೇವಾ ಕೇಂದ್ರವಿರುವಾಗ ಪಾಸ್‌ಪೋರ್ಟ್ ಮಾಡಿಸಿಕೊಳ್ಳುವುದೇ ಲೇಸು. ಯಾವುದೇ ಆಗಲಿ, ಮೂಲಪ್ರತಿ ಕೈಯಲ್ಲಿರಲಿ.

ಪರವಾನಗಿಯನ್ನು ಜೈಗಾಂವ್‌ಗೆ ಹೊಂದಿಕೊಂಡಿರುವ ಭೂತಾನದ ಗಡಿಪಟ್ಟಣ ಫುಂಟ್‌ಶೋಲಿಂಗ್‌ನಲ್ಲಿ ಪಡೆಯಬಹುದು. ಆದರೂ ಮಗನಿಂದ ಮೊದಲೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿಸಿದರೆ ಮಗುವನ್ನು ಕರೆದುಕೊಂಡು ಸರದಿಯಲ್ಲಿ ನಿಲ್ಲುವುದು ತಪ್ಪುತ್ತದೆ.

ಖರ್ಚಿನ ವಿಷಯವನ್ನು ನೀವು ಕೇಳಿಲ್ಲ, ಆದರೆ ಹೇಳಲೇಬೇಕು. ಕೊರೋನಾ ನಂತರ 2022ರ ಸೆಪ್ಟೆಂಬರ್ 23ರಂದು ಗಡಿ ಮತ್ತೆ ತೆರೆದಾಗಿನಿಂದ ಭಾರತೀಯ ಪ್ರವಾಸಿಗರೂ ಸುಸ್ಥಿರ ಅಭಿವೃದ್ಧಿ ಶುಲ್ಕ ಕೊಡಬೇಕು: ತಲೆಗೆ ರಾತ್ರಿಯೊಂದಕ್ಕೆ 1,200 ರೂಪಾಯಿ, ಆರರಿಂದ ಹನ್ನೊಂದು ವರ್ಷದ ಮಕ್ಕಳಿಗೆ ಅದರ ಅರ್ಧ. ನಾಲ್ವರು ದೊಡ್ಡವರಿಗೆ 19,200, ಮೊಮ್ಮಗನಿಗೆ 2,400, ಒಟ್ಟು 21,600 ರೂಪಾಯಿ ಆಗುತ್ತದೆ. ಊಟ, ವಸತಿ ಇದರಲ್ಲಿ ಸೇರಿಲ್ಲ. ಬಾಗ್ಡೋಗ್ರಾದಲ್ಲಿ ಹಿಡಿದ ಬಾಡಿಗೆ ಕಾರನ್ನೇ ಥಿಂಪುವರೆಗೆ ಒಯ್ಯುವ ಯೋಚನೆಯಿದ್ದರೆ ಬಿಟ್ಟುಬಿಡಿ. ಫುಂಟ್‌ಶೋಲಿಂಗ್ ದಾಟುವ ಭಾರತೀಯ ವಾಹನಕ್ಕೆ ದಿನಕ್ಕೆ 4,500 ರೂಪಾಯಿ ಬೇರೆ ಶುಲ್ಕವಿರುವುದರಿಂದ, ಜೈಗಾಂವ್‌ನಲ್ಲಿ ಅದನ್ನು ಕಳುಹಿಸಿ ಆಚೆ ಭೂತಾನದ ಟ್ಯಾಕ್ಸಿ ಹಿಡಿಯುವುದು ಅಗ್ಗ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಮುಂದಿರುತ್ತದೆ. ಕಚೇರಿಯ ವೇಳೆಯನ್ನು ಆ ಲೆಕ್ಕದಲ್ಲಿಯೇ ಹಿಡಿಯಿರಿ.