ಮುಂಬಾಗಿಲಿಗೆ ಸ್ಮಾರ್ಟ್ ಲಾಕ್ ಹಾಕಿಸುವುದೋ, ಕೀಲಿ ಬೀಗವೇ ಸಾಕೋ?

ಶಿವಮೊಗ್ಗದಲ್ಲಿ ಹೊಸ ಮನೆ, ಮರದ ಒಂಟಿ ಬಾಗಿಲು, ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ, ಬೆಳಿಗ್ಗೆ ಕೆಲಸದವರು ಬರುತ್ತಾರೆ. ಬೆರಳಚ್ಚು, ಪಿನ್ ಅಥವಾ ಕಾರ್ಡಿನಿಂದ ತೆರೆಯುವ ಸ್ಮಾರ್ಟ್ ಲಾಕ್ ಹಾಕಿಸಿದರೆ ಕಳ್ಳರ ಭಯ ಕಡಿಮೆಯಾಗುತ್ತದಾ ಅಂತ ಕೇಳಿದ್ದೀರಿ. ಕಳ್ಳರಿಗೋಸ್ಕರ ಅಂತಾದರೆ ಆ ದುಡ್ಡು ದಂಡ. ಎಲ್ಲರಿಗೂ ಕೀ ಮಾಡಿಸಿ ಹಂಚುವ ತಾಪತ್ರಯ ತಪ್ಪಲಿ ಅಂತಾದರೆ ಧಾರಾಳವಾಗಿ ಹಾಕಿಸಿ.

ಯಾವ ಬೀಗವಾದರೂ ಕೊನೆಗೆ ಬಾಗಿಲನ್ನು ಹಿಡಿಯುವುದು ಚೌಕಟ್ಟಿನೊಳಗೆ ಹೋಗುವ ಬೋಲ್ಟು. ಮನೆ ಒಡೆಯುವವರು ಕೂತು ಬೀಗ ಬಿಡಿಸುವುದು ಅಪರೂಪ, ರಾಡ್ ಹಾಕಿ ಮೀಟುತ್ತಾರೆ. ಆಗ ಮೊದಲು ಕಿತ್ತು ಬರುವುದು ಬೋಲ್ಟು ಕೂರುವ ಚೌಕಟ್ಟಿನ ತಗಡು, ಯಾಕೆಂದರೆ ಅದಕ್ಕೆ ಡಬ್ಬಿಯಲ್ಲೇ ಬಂದ ಮುಕ್ಕಾಲು ಇಂಚಿನ ಸ್ಕ್ರೂ ಹೊಡೆದಿರುತ್ತಾರೆ. ಎರಡೂವರೆ ಇಂಚಿನದು ಹಾಕಿಸಿ, ಮೊದಲು ಸಣ್ಣ ಬಿಟ್‌ನಲ್ಲಿ ತೂತು ಮಾಡಿಸಿ. ಇಲ್ಲದಿದ್ದರೆ ಚೌಕಟ್ಟು ಸೀಳುತ್ತದೆ. ಬೋಲ್ಟು 20 ಮಿಮೀ ಆದರೂ ಒಳಗೆ ಹೋಗಬೇಕು.

ಸ್ಮಾರ್ಟ್ ಲಾಕ್ ಕೊಳ್ಳುವ ಮುಂಚೆ ಟೇಪ್ ಹಿಡಿಯಿರಿ. ಬಾಗಿಲು 35 ಮಿಮೀಗಿಂತ ತೆಳುವಾಗಿದ್ದರೆ ಮಾರ್ಟೈಸ್ ಮಾಡೆಲ್ (ಬಾಗಿಲಿನ ದಪ್ಪದೊಳಗೆ ಕೊರೆದು ಕೂರಿಸುವ ಬೀಗ) ಬೇಡ: 30 ಮಿಮೀ ಬಾಗಿಲಲ್ಲಿ 20 ಮಿಮೀ ಕೊರೆದರೆ ಅಕ್ಕಪಕ್ಕ ಐದೈದು ಮಿಮೀ ಮರ ಉಳಿಯುತ್ತದೆ, ಮೀಟಿದರೆ ಅಲ್ಲೇ ಒಡೆಯುತ್ತದೆ. ಬೀಗದ ಪ್ಲೇಟು ಒಂದಡಿಗೂ ಉದ್ದ ಇರಬಹುದು, ಅಷ್ಟು ಜಾಗ ಸಪಾಟಾಗಿರಬೇಕು. ಕೆತ್ತನೆ ಇದ್ದರೆ ಕೂರುವುದಿಲ್ಲ. ಹೊರಗೆ ಗ್ರಿಲ್ ಬಾಗಿಲಿದ್ದರೆ ನಡುವಿನ ಸಂದು ಅಳೆಯಿರಿ, ಹ್ಯಾಂಡಲ್ ತಾಗಿ ಗ್ರಿಲ್ ಮುಚ್ಚದೆ ಹೋಗುವುದು ಮಾಮೂಲಿ ಎಡವಟ್ಟು.

ನಿಮ್ಮೂರಿನ ಮಳೆಗೆ ಮರ ಉಬ್ಬುತ್ತದೆ. ಕೀಲಿ ಬೀಗವಾದರೆ ಬಾಗಿಲನ್ನು ಸ್ವಲ್ಪ ಎಳೆದು, ಒತ್ತಿ ತಿರುಗಿಸುತ್ತೀರಿ. ಸ್ಮಾರ್ಟ್ ಲಾಕಿನ ಮೋಟರಿಗೆ ಆ ಉಪಾಯ ಗೊತ್ತಿಲ್ಲ. ಬೋಲ್ಟು ತಗಡಿಗೆ ಉಜ್ಜಿದರೆ ತಿಣುಕುತ್ತದೆ, ಎರರ್ ಬೀಪ್ ಹೊಡೆಯುತ್ತದೆ, ಬ್ಯಾಟರಿ ಬೇಗ ಕುಡಿಯುತ್ತದೆ. ಬಾಗಿಲು ತೆರೆದಿಟ್ಟು ಬೋಲ್ಟು ಹೊರಡಿಸಿ ನೋಡಿ. ತೆರೆದಾಗ ಸಲೀಸು, ಮುಚ್ಚಿದಾಗ ಬಿಗಿ ಅಂದರೆ ತಪ್ಪು ಬೀಗದ್ದಲ್ಲ, ತಗಡಿನ ಜಾಗದ್ದು. ಬಾಗಿಲಿಗೂ ಚೌಕಟ್ಟಿಗೂ ನಡುವೆ ಸುತ್ತ 3 ಮಿಮೀ ಸಂದು ಬಿಡಿಸಿ. ಬಾಗಿಲಿನ ಮೇಲಂಚು, ಕೆಳಅಂಚಿಗೂ ಪಾಲಿಶ್ ಹೊಡೆಸಿ. ಕಣ್ಣಿಗೆ ಕಾಣದ ಕೆಳಅಂಚನ್ನು ಹಾಗೇ ಬಿಡುತ್ತಾರೆ, ನೀರು ಹೀರುವುದು ಅಲ್ಲಿಂದಲೇ.

ಹಿರಿಯರ ಬೆರಳಿನ ಗೆರೆ ಸವೆದಿರುತ್ತದೆ, ಒದ್ದೆ ಕೈಯಂತೂ ಸೆನ್ಸರ್ ಒಪ್ಪುವುದಿಲ್ಲ. ತಲಾ ಮೂರು ಬೆರಳು ಸೇರಿಸಿ, ಆದರೂ ಅಮ್ಮನಿಗೆ ಕಾರ್ಡ್ ಕೊಡುವುದೇ ವಾಸಿ. ಕೆಲಸದವರಿಗೆ ಹೊತ್ತು ಗೊತ್ತುಮಾಡಿದ ಪಿನ್ ಸಾಕು, ಅವರು ಕೆಲಸ ಬಿಟ್ಟ ದಿನವೇ ಅಳಿಸಿ. ಕಂಪನಿಯ ಮೂಲ ಪಿನ್ ಮೊದಲ ದಿನವೇ ಬದಲಿಸಿ. ಆಟೋ ಲಾಕ್ ಇದ್ದರೆ ಬೆಳಗಿನ ಹೊತ್ತು ಆಫ್ ಇರಲಿ. ರಂಗೋಲಿ ಹಾಕಲು ಹೊಸಿಲು ದಾಟಿದವರ ಬೆನ್ನ ಹಿಂದೆ ಬಾಗಿಲು ಬೀಗ ಹಾಕಿಕೊಂಡರೆ, ಕೈ ತುಂಬ ರಂಗೋಲಿ ಪುಡಿ, ಸೆನ್ಸರ್ ಕೇಳುವುದಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಒಳಗಿನ ಚಿಲಕ. ಅಪ್ಪ ಅಭ್ಯಾಸಬಲದಿಂದ ಅದನ್ನು ಹಾಕಿಕೊಂಡು ಬಚ್ಚಲಲ್ಲಿ ಜಾರಿ ಬಿದ್ದರೆ, ಹೊರಗೆ ನಿಂತವರ ಹತ್ತಿರ ಪಿನ್ ಇದ್ದೂ ಪ್ರಯೋಜನವಿಲ್ಲ. ಸ್ಮಾರ್ಟ್ ಲಾಕ್ ಹಾಕಿಸಿದ ಮೇಲೆ, ಹಗಲು ಹೊತ್ತು ಅವರಿಬ್ಬರೇ ಇರುವಾಗಲಾದರೂ ಚಿಲಕ ಬೇಡ.

ಬ್ಯಾಟರಿ ಆಲ್ಕಲೈನ್ ಡಬಲ್ ಎ ಇರಲಿ, ಎಲ್ಲವನ್ನೂ ಒಟ್ಟಿಗೇ ಬದಲಿಸಿ. ಗೋಡೆ ಗಡಿಯಾರದ ಅಗ್ಗದ ಸೆಲ್ ಬೇಡ. ರೀಚಾರ್ಜ್ ಸೆಲ್ 1.2 ವೋಲ್ಟ್ ಕೊಡುವುದರಿಂದ ಎಷ್ಟು ಉಳಿದಿದೆ ಎಂಬ ಎಚ್ಚರಿಕೆ ಸರಿಯಾಗಿ ಬರುವುದಿಲ್ಲ. ಪೂರ್ತಿ ಸತ್ತರೆ ಹೊರಗಿನಿಂದ ಪವರ್ ಬ್ಯಾಂಕ್ ಅಥವಾ 9 ವೋಲ್ಟ್ ಬ್ಯಾಟರಿ ತಾಗಿಸಿ ತೆರೆಯುವ ಸೌಲಭ್ಯ ಇದೆಯಾ ನೋಡಿ. ಕೀಲಿ ತೂತಿಲ್ಲದ ಮಾಡೆಲ್ ತೆಗೆದುಕೊಳ್ಳಬೇಡಿ. ಆ ಕೀ ಬೀರುವಿನಲ್ಲಿದ್ದರೆ ಏನುಪಯೋಗ? ನಂಬಿಕೆಯ ನೆರೆಮನೆಯಲ್ಲಿಡಿ.

ಕೀಲಿ ಬೀಗವೇ ಸಾಕೆನಿಸಿದರೆ ಡಿಂಪಲ್ ಕೀ (ಹಲ್ಲಿನ ಬದಲು ಸಣ್ಣ ಗುಳಿಗಳಿರುವ ಕೀ) ಇರುವ ರಿಮ್ ಲಾಕ್, ಅಂದರೆ ಬಾಗಿಲಿನ ಒಳಮೈ ಮೇಲೆ ಕೂರುವ ಬೀಗ, ಒಳ್ಳೆಯದು. ಒಳಗಡೆ ಕೀ ಬೇಡದೆ ನಾಬ್ ತಿರುಗಿಸಿ ತೆರೆಯುವಂತಿರಲಿ, ಬೆಂಕಿ ಬಿದ್ದಾಗ ಕೀ ಹುಡುಕುವ ಪಾಡು ಬೇಡ. ಬಿಗಿಯಾಯಿತೆಂದು ಕೊಬ್ಬರಿ ಎಣ್ಣೆ ಬಿಡಬೇಡಿ, ಧೂಳು ಹಿಡಿದು ಅಂಟಾಗುತ್ತದೆ; ಗ್ರಾಫೈಟ್ ಪುಡಿ, ಅದಿಲ್ಲದಿದ್ದರೆ ಪೆನ್ಸಿಲ್ ಸೀಸ ತೇಯ್ದ ಪುಡಿ ಸಾಕು.

ನಿಮ್ಮ ಮನೆಗೆ ನಾನು ಹೇಳುವುದು ಎರಡೂ: ದಿನಬಳಕೆಗೆ ಸ್ಮಾರ್ಟ್, ಅದರ ಮೇಲೆ ಒಂದಡಿ ಬಿಟ್ಟು ಪ್ರತ್ಯೇಕ ರಿಮ್ ಲಾಕ್. ಎಲ್ಲರೂ ಊರಿಗೆ ಹೋಗುವಾಗ ಆ ಎರಡನೆಯದನ್ನೂ ಹಾಕಿ. ಹೊರಗೆ ನೇತಾಡುವ ಬೀಗ ಮಾತ್ರ ಬೇಡ, ಮನೆಯಲ್ಲಿ ಯಾರೂ ಇಲ್ಲವೆಂದು ಬೋರ್ಡ್ ಹಾಕಿದ ಹಾಗೆ.